ದುಭಾಷಿಯ ತಲೆಗೆ ತುಕ್ಕು ಹಿಡಿಯುವುದಿಲ್ಲ

ಎರಡು ಭಾಷೆ ಬಲ್ಲವರ ಮಿದುಳು ಬೇಗ ಮುಪ್ಪಾಗುವುದಿಲ್ಲ ಎಂದು ಪತ್ರಿಕೆಗಳಲ್ಲಿ ಬರುವುದನ್ನು ನೀವೂ ಓದಿರುತ್ತೀರಿ. ಒಂದು ಭಾಷೆ ಆಡುವಾಗ ಇನ್ನೊಂದನ್ನು ಅದುಮಿಟ್ಟುಕೊಳ್ಳಬೇಕಲ್ಲ, ಆ ಕಸರತ್ತಿನಿಂದ ಗಮನ ಚುರುಕಾಗುತ್ತದಂತೆ. ಮಕ್ಕಳಿಗೆ ಒಳ್ಳೆಯದಂತೆ, ಮುದುಕರಿಗೆ ಇನ್ನೂ ಒಳ್ಳೆಯದಂತೆ. ಈ ವಿಷಯದಲ್ಲಿ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ ಎಂಬ ಸಾಲೂ ಕೊನೆಯಲ್ಲಿರುತ್ತದೆ. ನಾನು ಅಷ್ಟು ದೂರ ಓದುವುದಿಲ್ಲ.

ನನಗೆ ಈ ಸುದ್ದಿ ಬೇಕಾಗಿತ್ತು. ನಿವೃತ್ತನಾದ ಮೇಲೆ ಮರೆವು ಶುರುವಾಗಿದೆ. ಮದ್ದೂರಿನಲ್ಲಿ ಗೆಳೆಯನ ಮಗಳ ಮದುವೆಗೆಂದು ಮಂಡ್ಯದಲ್ಲಿ ಬಸ್ಸು ಹತ್ತಿ, ಉಡುಗೊರೆ ಹಿಡಿದುಕೊಂಡು ಮಳವಳ್ಳಿಯಲ್ಲಿ ಇಳಿದವನು ನಾನು. ಮರ್ಯಾದೆಗೆ ಅಂಜಿ ಅಲ್ಲೇ ಹೋಟೆಲಿನಲ್ಲಿ ಉಂಡು, ಮನೆಗೆ ಬಂದು ಮದುವೆ ಊಟ ಸೊಗಸಾಗಿತ್ತು ಎಂದೆ. ಈಗ ನಗುತ್ತಾ ಹೇಳುತ್ತಿದ್ದೇನೆ, ಅವತ್ತು ನಿಜಕ್ಕೂ ಹೆದರಿದ್ದೆ. ನನ್ನಪ್ಪ ಕೊನೆಕೊನೆಗೆ ನನ್ನನ್ನೇ "ನೀವು ಯಾರ ಮನೆಯವರು?" ಎಂದು ಕೇಳಿದ್ದರು.

ನನ್ನ ಧೈರ್ಯವೆಲ್ಲ ಮನೆಯಲ್ಲಿ ನಾನು ಮಾಡುವ ದುಭಾಷಿ ಕೆಲಸದ ಮೇಲೆ ನಿಂತಿತ್ತು. ನಮ್ಮ ಮನೆಮಾತು ತಮಿಳು. ಹೆಂಡತಿ ಜಯಮ್ಮ ದುದ್ದದ ಕಡೆಯ ಒಕ್ಕಲು ಮನೆತನದವಳು. ನಾವಿಬ್ಬರೂ ಮೆಚ್ಚಿ ಮದುವೆಯಾದದ್ದು ಅಮ್ಮನಿಗೆ ಹಿಡಿಸಲಿಲ್ಲ. ತರಕಾರಿಯವನ ಜೊತೆ ಗಂಟಲು ಹರಿಯುವಂತೆ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದ ಅಮ್ಮ, ಸೊಸೆಯ ಹಳ್ಳಿ ಕನ್ನಡ ಮಾತ್ರ ತನ್ನ ಕಿವಿಗೆ ಹತ್ತುವುದಿಲ್ಲ ಎಂದುಬಿಟ್ಟಳು. ಜಯಮ್ಮನೇನು ಕಡಿಮೆಯೆ? "ನಿಮ್ಮವ್ವನ ತಮಿಳು ನಂಗೂ ತಿಳಿಯಾಕಿಲ್ಲ, ಬುಡಿ" ಎಂದಳು. ಅಂದಿನಿಂದ ಇಬ್ಬರ ನಡುವೆ ನಾನು.

"ಇದು ಸಾರೋ, ಕೈ ತೊಳೆದ ನೀರೋ?" ಎಂದು ಅಮ್ಮ ತಮಿಳಿನಲ್ಲಿ ಕೇಳಿದರೆ, "ಸಾರು ತಿಳಿಯಾಗಿ ಹಿತವಾಗಿದೆಯಂತೆ" ಎಂದು ಜಯಮ್ಮನಿಗೆ ಹೇಳುತ್ತಿದ್ದೆ. "ಈ ವಯಸ್ನಾಗೂ ನಾಲ್ಗೆ ಎಷ್ಟುದ್ದ ಐತೆ ನೋಡಿ" ಎಂದು ಜಯಮ್ಮ ಅಂದರೆ, "ಅಮ್ಮ, ನಿನಗೆ ರುಚಿ ಎಷ್ಟು ಚೆನ್ನಾಗಿ ಗೊತ್ತು ಅಂತ ಹೊಗಳುತ್ತಿದ್ದಾಳೆ" ಎಂದು ತಮಿಳಿಗೆ ಇಳಿಸುತ್ತಿದ್ದೆ. ವರ್ಷಗಟ್ಟಲೆ ಈ ಕೆಲಸ ಮಾಡಿದವನ ತಲೆ ಹೇಗೆ ಕೆಟ್ಟೀತು ಎಂದು ಸಮಾಧಾನಪಟ್ಟುಕೊಂಡಿದ್ದೆ. ಮನೆ ಉಳಿದಿರುವುದೇ ನನ್ನಿಂದ ಎಂಬ ಜಂಬವೂ ಇತ್ತು.

ಮೊನ್ನೆ ದವಡೆ ಹಲ್ಲು ಕೀಳಿಸಿಕೊಂಡು ಬಂದೆ. ಹತ್ತಿ ಕಚ್ಚಿಕೊಂಡಿರಬೇಕು, ಬಾಯಿ ಬಿಡಬಾರದು ಎಂದು ದಂತವೈದ್ಯರು ಹೇಳಿದ್ದರು. ಜಯಮ್ಮ ಅಮ್ಮನಿಗೆ ಬಸ್ಸಾರು, ಮುದ್ದೆ ಬಡಿಸಿದಳು. ಅಮ್ಮ ಮುದ್ದೆಯನ್ನು ಬೆರಳಿನಿಂದ ಒತ್ತಿ, "ಇದನ್ನು ಎಸೆದರೆ ಗೋಡೆ ಬಿರುಕು ಬಿಟ್ಟೀತು" ಎಂದಳು, ತಮಿಳಿನಲ್ಲಿ. ಬಾಯಿ ಬಿಡುವಂತಿಲ್ಲ. ಚೆನ್ನಾಗಿದೆಯಂತೆ ಎಂದು ಕೈಸನ್ನೆಯಲ್ಲೇ ತಿಳಿಸಲು ಒದ್ದಾಡಿದೆ. ಜಯಮ್ಮ ನನ್ನ ಕಡೆ ನೋಡಲೂ ಇಲ್ಲ.

"ಗೋಡೆ ಬಿರುಕು ಬುಟ್ರೆ ನಿಮ್ಮ ಮಗ್ನೇ ಸಿಮೆಂಟು ಮೆತ್ತಾರೆ ಬುಡಿ. ಮೊದ್ಲು ಉಣ್ಣಿ" ಎಂದಳು.

ಅಮ್ಮ ಗೊಳ್ಳೆಂದು ನಕ್ಕಳು. ನನ್ನ ಬಾಯಿಯ ಹತ್ತಿ ಜಾರಿ ಮಡಿಲಿಗೆ ಬಿತ್ತು.

"ನಿನಗೆ ತಮಿಳು ಅರ್ಥವಾಗುತ್ತಾ?" ಎಂದೆ.

"ಮದ್ವೆ ಆದ್ ವರ್ಸಾನೇ ಕಲ್ತೆ. ಅತ್ತೆ ಬೈದಿದ್ದು ಒಂದು, ನೀವು ಏಳದು ಇನ್ನೊಂದು. ಎರಡನ್ನೂ ತಲೇಲಿಟ್ಕಂಡು, ನಗಾ ತಡ್ಕಂಡು ಮಕ ಗಂಟಿಕ್ಕದು ಅಂದ್ರೆ ಸುಮ್ನೆನಾ? ನಿಮ್ಮವ್ವನ ಪಾಡೂ ಇದೇಯ. ನೀವು ಆಪೀಸಿಗೆ ಓದ್ಮೇಲೆ ಇಬ್ರೂ ನೆನೆಸ್ಕಂಡು ನಗಾಡ್ತಿದ್ವಿ."

ನನಗೆ ಅಳು ಬರುವ ಹಾಗಾಯಿತು. ಗಮನ, ಸಂಯಮ, ಕಸರತ್ತು ಎಲ್ಲವೂ ಅವರದ್ದೇ ಆಗಿತ್ತು. ಎಂಬತ್ತು ದಾಟಿದ ಅಮ್ಮನ ನೆನಪು ಇಷ್ಟು ಹರಿತವಾಗಿರುವುದು ಯಾಕೆಂದು ಆಗ ತಿಳಿಯಿತು. ಇನ್ನು ನಾನು ಯಾವುದನ್ನು ನಂಬಿಕೊಂಡಿರಲಿ?

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಸೊಸೆಯ ಕಡೆ ತಿರುಗಿ ತಮಿಳಿನಲ್ಲಿ, "ಪಾಪ, ದಡ್ಡ. ಇವನನ್ನು ಹೀಗೇ ಸುಮ್ಮನೆ ಕೂರಿಸಿದರೆ ಅವರಪ್ಪನ ಹಾಗೇ ಆಗಿಬಿಡುತ್ತಾನೆ. ಏನೂ ಗೊತ್ತಿಲ್ಲದವಳ ಹಾಗೆ ಏನಾದರೂ ಕೇಳುತ್ತಿರು" ಎಂದಳು.

ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಮುಖ ಗಂಟಿಕ್ಕಿ, ನನ್ನ ಕಡೆ ತಿರುಗಿ ಕೇಳಿದಳು: "ಏನಂತವ್ರೆ ಅತ್ತೆ?"

"ನನ್ನ ಜಾಣತನ ಹೊಗಳುತ್ತಿದ್ದಾಳೆ" ಎಂದೆ.