ಸದ್ದು ಮಾಡುವ ಮನೆಯವರಿಗೆ

ಆ ದಿನದ ಎಡವಟ್ಟಿಗೆಲ್ಲ ಕಾರಣ ಒಂದು ಗೇಣು ದಾರ.

ಮೇಲಿನ ಮನೆಯ ಟೈಲರಕ್ಕನ ಹೊಲಿಗೆ ಮಷಿನ್ನಿನಲ್ಲಿ ಬೆಳಿಗ್ಗೆ ಹತ್ತೂಕಾಲಿಗೆ ದಾರ ತುಂಡಾಯಿತು. ಮಷಿನ್ ಗಕ್ಕನೆ ನಿಂತಿತು. ಕೆಳಗಿನ ಮನೆಯಲ್ಲಿ ಆಗಷ್ಟೇ ಮಲಗಿದ್ದ ಎಂಟು ತಿಂಗಳ ಮಗು ಬೆಚ್ಚಿ ಕಣ್ಣು ಬಿಟ್ಟಿತು. ಅಕ್ಕ ಸೂಜಿಗೆ ದಾರ ಪೋಣಿಸಿ ಮತ್ತೆ ಟಕಟಕ ಶುರುಮಾಡುವ ಹೊತ್ತಿಗೆ ಮಗುವಿನ ಅಪ್ಪ ಕೆಂಪು ಪೆನ್ನನ್ನು ಮೇಜಿಗೆ ಕುಕ್ಕಿ ಚಾವಣಿಯನ್ನು ದುರುಗುಟ್ಟಿ ನೋಡುತ್ತಿದ್ದ.

"ನೋಡಿದ್ಯಾ ಪುಟ್ಟಿ? ನಿಲ್ಲಿಸಿ ನಿಲ್ಲಿಸಿ ತುಳಿದರೆ ನೀನಾದ್ರೂ ಹೇಗೆ ಮಲಗ್ತೀಯ?"

ಅವನ ಕೆಲಸ ಕರಡು ತಿದ್ದುವುದು. ಪುಸ್ತಕ ಅಚ್ಚಾಗುವ ಮುನ್ನ ಅದರ ತಪ್ಪುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸುತ್ತಿದ್ದ. ಔಷಧಿ ಅಂಗಡಿಯ ಬೋರ್ಡು, ನೀರಿನ ಬಿಲ್ಲು, ಯಾವುದನ್ನೂ ತಿದ್ದದೆ ಬಿಟ್ಟವನಲ್ಲ. ಹಾಗಾಗಿ ಕಟ್ಟಡದವರ ಬಾಯಲ್ಲಿ ಅವನು ತಪ್ಪಣ್ಣ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಬೆಳಿಗ್ಗೆ ಏಳಕ್ಕೆ ಮಗುವನ್ನು ಅವನ ಹೆಗಲಿಗೆ ದಾಟಿಸಿ ಹೋದರೆ ಬರುವುದು ಸಂಜೆ ಏಳಕ್ಕೆ. ಮಗು ಮಲಗಿದಷ್ಟು ಹೊತ್ತೇ ಅವನ ಆಫೀಸು.

ಇವತ್ತು ಮೇಜಿನ ಮೇಲಿದ್ದದ್ದು ಮೌನದ ಮಹತ್ವದ ಬಗ್ಗೆ ನಿವೃತ್ತ ಅಧಿಕಾರಿಯೊಬ್ಬರು ಮುನ್ನೂರು ಪುಟ ಮಾತಾಡಿದ್ದ ಪುಸ್ತಕ. ಕೊನೆಯ ನಲವತ್ತು ಪುಟ ಸಂಜೆ ಆರಕ್ಕೆ ಪ್ರೆಸ್ಸಿಗೆ ಸೇರಬೇಕು. ಹೋದ ತಿಂಗಳು ಇವನ ತೂಕಡಿಕೆಯಲ್ಲಿ 'ಅಧ್ಯಕ್ಷರ ಭಾಷಣ' ಎಂಬುದು 'ಅಧ್ಯಕ್ಷರ ಭೀಷಣ'ವಾಗಿ ಅಚ್ಚಾಗಿ, "ಇನ್ನೊಂದು ಸಲ ಹಿಂಗಾದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ ಕಣ್ರೀ" ಎಂದು ಪ್ರೆಸ್ಸಿನ ಯಜಮಾನರು ಹೇಳಿಬಿಟ್ಟಿದ್ದರು. ಇವತ್ತು ತಡವಾದರೆ ಕೆಲಸ ಹೋದಂತೆಯೇ.

ಮಗುವನ್ನು ಸೊಂಟಕ್ಕೇರಿಸಿಕೊಂಡು ಅವನು ಇಳಿದದ್ದು ಕೆಳಮನೆಯ ಮೇಷ್ಟ್ರ ಬಳಿಗೆ. ಮೇಷ್ಟ್ರು ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು, ಸ್ಕೂಲು ಮಾತ್ರ ಅವರೊಳಗಿಂದ ನಿವೃತ್ತವಾಗಿರಲಿಲ್ಲ. ಕಟ್ಟಡದ ಸಂಘಕ್ಕೆ ಅವರೇ ಕಾರ್ಯದರ್ಶಿ.

"ಬಾಯಿಮಾತು ಗಾಳಿಗೆ ಹೋಗುತ್ತೆ. ಬರೆದು ತನ್ನಿ. ಅಕ್ಕಪಕ್ಕದವರ ಸಹಿ ಇರಲಿ" ಎಂದರು ಮೇಷ್ಟ್ರು.

"ಮೇಲೆ ಹೋಗಿ ಒಂದು ಮಾತು ನೀವೇ ಹೇಳಬಹುದಲ್ವಾ ಸಾರ್?"

"ನೀವೂ ಹೇಳಬಹುದಲ್ವಾ?"

ಹೇಳಬಹುದಿತ್ತು. ಹದಿನೆಂಟೇ ಮೆಟ್ಟಿಲು. ಆದರೆ ಎದುರಿಗೆ ನಿಂತು ಹೇಳುವುದೆಂದರೆ ತಪ್ಪಣ್ಣನಿಗೆ ನಾಲಿಗೆ ಗಂಟುಬೀಳುತ್ತಿತ್ತು. ಕಾಗದದ ಮೇಲಾದರೆ ಹುಲಿ. ಅರ್ಧ ಗಂಟೆ ಕೂತು, ಮೌನದ ಪುಸ್ತಕದಿಂದಲೇ ಎರಡು ಒಳ್ಳೆಯ ಪದ ಎತ್ತಿಕೊಂಡು, ಸೊಗಸಾದ ಪತ್ರವೊಂದನ್ನು ಬರೆದ. ಕೆಳಗೆ ತನ್ನ ಸಹಿಯನ್ನೇ ಮೊದಲು ಹಾಕಿದ.

ಎದುರುಮನೆ ದೊಡ್ಡಮ್ಮ ಬಾಗಿಲಲ್ಲೇ ನಿಂತು ಓದಿದರು.

"ಅಯ್ಯೋ, ಅವಳ ಹೆಸರು ಯಾಕೋ ಹಾಕಿದ್ದೀಯ? ನನ್ನ ಆರು ಪರದೆ ಅವಳ ಹತ್ರ ಇದಾವೆ. ಸಿಟ್ಟಲ್ಲಿ ಗಿಡ್ಡ ಕತ್ತರಿಸಿಬಿಟ್ರೆ?"

"ಮತ್ತೆ ಯಾರಿಗೆ ಅಂತ ಬರೀಲಿ ದೊಡ್ಡಮ್ಮ?"

"ಸದ್ದು ಮಾಡೋರಿಗೆ ಅಂತ ಬರಿ. ಮಾಡೋರಿಗೆ ಗೊತ್ತಾಗುತ್ತೆ, ಮಾಡದೋರಿಗೆ ನೋವಾಗಲ್ಲ."

ಮಾತು ಸರಿಯೆನಿಸಿತು. ಹೊಸ ಹಾಳೆಯಲ್ಲಿ 'ಸದ್ದು ಮಾಡುವ ಮನೆಯವರಿಗೆ' ಎಂದು ಬರೆದ. ದೊಡ್ಡಮ್ಮ ಸಹಿ ಹಾಕಿದರು, ಕೆಳಗಿನ ಎರಡು ಮನೆಯವರೂ ಹಾಕಿದರು. "ಸಂಜೆ ಸುತ್ತು ಹೋಗುವಾಗ ಸದ್ದಿರುವ ಮನೆಗೆ ತಲುಪಿಸುತ್ತೇನೆ. ಕೈಗೆ ಕೊಟ್ಟರೆ ಹರಿದು ಎಸೀತಾರೆ, ಬಾಗಿಲಿಗೇ ಮೊಳೆ ಹೊಡೀತೀನಿ" ಎಂದು ಮೇಷ್ಟ್ರು ಪತ್ರವನ್ನು ಇಸಿದುಕೊಂಡರು. ಇಷ್ಟರಲ್ಲಿ ಗಂಟೆ ಒಂದಾಗಿತ್ತು. ತಿದ್ದಿದ್ದು ಮೂರು ಪುಟ.

ಎರಡಕ್ಕೆ ಬಾಗಿಲು ಬಡಿಯಿತು. ಟೈಲರಕ್ಕ ನಿಂತಿದ್ದಳು, ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು.

"ದೊಡ್ಡಮ್ಮ ಎಲ್ಲ ಹೇಳಿದ್ರು ತಮ್ಮಾ. ಯಾರಿಗೂ ಹೇಳಬೇಡ ಅಂತಾನೂ ಹೇಳಿದ್ರು."

ತಪ್ಪಣ್ಣ ಮಗುವಿನ ಹಿಂದೆ ಮುಖ ಬಚ್ಚಿಟ್ಟುಕೊಳ್ಳಲು ನೋಡಿದ. ಮಗು ಅಷ್ಟು ದೊಡ್ಡದಿರಲಿಲ್ಲ.

"ನನಗೇ ಹೇಳಬಾರದಿತ್ತಾ? ಹನ್ನೊಂದು ವರ್ಷದಿಂದ ತುಳೀತಾ ಇದ್ದೀನಿ, ಆ ಸದ್ದು ನನ್ನ ಕಿವಿಗೆ ಬೀಳೋದೇ ನಿಂತುಹೋಗಿದೆ. ಇನ್ನೊಬ್ಬರಿಗೆ ಕೇಳುತ್ತೆ ಅಂತ ಹೊಳೀಲೇ ಇಲ್ಲ ನೋಡು. ಮಷಿನ್ನನ್ನ ನಮ್ಮ ತಂಗಿ ಅಂಗಡಿಗೆ ಸಾಗಿಸ್ತಾ ಇದ್ದೀನಿ, ಗಾಡಿ ಕೆಳಗೆ ನಿಂತಿದೆ. ತಗೋ, ಇದು ಪುಟ್ಟಿಗೆ. ಬೆಳಿಗ್ಗೆ ದಾರ ತುಂಡಾಗಿದ್ದು ಇದನ್ನ ಹೊಲಿಯುವಾಗಲೇ."

ಅವಳು ಅವನ ಕೈಗಿಟ್ಟದ್ದು ಬಟ್ಟೆ ಚೂರುಗಳಿಂದ ಹೊಲಿದ ಪುಟ್ಟ ಟೊಪ್ಪಿ.

"ಅಕ್ಕಾ, ಬೇಡ, ನಾನು..." ಎಂದ. ವಾಕ್ಯ ಮುಗಿಯಲಿಲ್ಲ. ಮಷಿನ್ ಇಳಿಸುವವರು ಆಗಲೇ ಮೆಟ್ಟಿಲ ಮೇಲಿದ್ದರು. ಬೇರೆಯವರ ಅರ್ಧ ವಾಕ್ಯಗಳನ್ನೆಲ್ಲ ಪೂರ್ತಿ ಮಾಡಿಕೊಡುವವನಿಗೆ ತನ್ನದೊಂದು ವಾಕ್ಯದ ಕೊನೆ ಸಿಗಲಿಲ್ಲ.

ಮಗುವನ್ನು ಹೇಗೋ ತಟ್ಟಿ ಮಲಗಿಸಿ, ಟೊಪ್ಪಿಯನ್ನು ಮೇಜಿನ ಮೂಲೆಯಲ್ಲಿಟ್ಟು, ಪೆನ್ನು ಹಿಡಿದ. ಮನೆಯಲ್ಲಿ ಮೌನ. ಪುಸ್ತಕದಲ್ಲಿ ಹೇಳಿದ್ದಂಥದ್ದೇ. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು, ಗಡಿಯಾರ ಕೇಳಿಸಿತು, ತನ್ನ ಉಸಿರೂ ಕೇಳಿಸಿತು. ಒಂದು ಪುಟ ತಿದ್ದಿದ. ಎರಡನೆಯದರ ಅರ್ಧಕ್ಕೆ ಬಂದಿದ್ದ.

ಮಗು ಎದ್ದು ಕೂತಿತು. ಚಾವಣಿ ನೋಡಿತು. ಏನನ್ನೋ ಕಾಯುವಂತೆ ಕಾಯಿತು. ಆಮೇಲೆ ಬಾಯಿ ತೆರೆಯಿತು.

ಆ ಕಟ್ಟಡ ಅಂಥ ಅಳುವನ್ನು ಕೇಳಿರಲಿಲ್ಲ. ಎತ್ತಿಕೊಂಡ, ನಿಲ್ಲಲಿಲ್ಲ. ಬಾಟಲಿ ಕೊಟ್ಟ, ಬಾಟಲಿ ಹಾರಿಬಂತು. ಹಾಡಿದ, ಅಳು ಒಂದು ಮೆಟ್ಟಿಲು ಏರಿತು. ಮೂರೂವರೆಯಾಯಿತು, ನಾಲ್ಕಾಯಿತು. ಪ್ರೆಸ್ಸಿನಿಂದ ಫೋನು ಬಂತು.

"ಏನ್ರೀ ಅದು ಕಿರುಚಾಟ? ಪುಟಗಳು ಎಲ್ಲಿಗೆ ಬಂದ್ವು?"

"ಮೌನದ ಅಧ್ಯಾಯದಲ್ಲಿದ್ದೀನಿ ಸಾರ್!" ಎಂದು ಕೂಗಿ ಹೇಳಬೇಕಾಯಿತು.

ಸುಸ್ತಾಗಿ ನೆಲಕ್ಕೆ ಕುಸಿದಾಗ ಅವನಿಗೆ ಹೊಳೆಯಿತು. ಈ ಮಗು ಹುಟ್ಟಿದಾಗಿನಿಂದ ಆ ಟಕಟಕದ ಕೆಳಗೇ ಮಲಗಿದೆ. ಹುಟ್ಟುವ ಮೊದಲು ಹೆಂಡತಿ ಮಧ್ಯಾಹ್ನಗಳಲ್ಲಿ ಒರಗುತ್ತಿದ್ದದ್ದೂ ಇದೇ ಚಾವಣಿಯ ಕೆಳಗೆ. ಅಪ್ಪನಿಗೆ ಅದು ಗಲಾಟೆ, ಮಗಳಿಗೆ ತೊಟ್ಟಿಲ ಹಾಡು. ಬೆಳಿಗ್ಗೆ ಅವಳನ್ನು ಎಬ್ಬಿಸಿದ್ದು ಸದ್ದಲ್ಲ, ಸದ್ದು ನಿಂತದ್ದು. ಇಡೀ ದಿನ ಅವನು ಒಂದು ತಪ್ಪನ್ನು ಸರಿಯೆಂದೂ ಒಂದು ಸರಿಯನ್ನು ತಪ್ಪೆಂದೂ ತಿದ್ದುತ್ತ ಕೂತಿದ್ದ.

ಅವನು ಎದ್ದು ಅಡುಗೆಮನೆಯಿಂದ ತಟ್ಟೆ ಸೌಟು ತಂದು ಟಕಟಕ ಬಡಿದ. ಸರಿಹೋಗಲಿಲ್ಲ. ಪಾತ್ರೆ ಬೋರಲು ಹಾಕಿ ಬಡಿದ. ಬಾಯಲ್ಲೂ "ಟಕಟಕಟಕ" ಎಂದ. ಮಗು ತಾಳಕ್ಕೆ ಸರಿಯಾಗಿ ಅತ್ತಿತು. ಎದುರುಮನೆ ದೊಡ್ಡಮ್ಮ ದಢಾರನೆ ಕಿಟಕಿ ಹಾಕಿಕೊಂಡರು.

ಐದೂವರೆಗೆ ಬಾಗಿಲ ಮೇಲೆ ಟಕ್ ಎಂದಿತು. ಮತ್ತೆ ಟಕ್. ಮಗು ಥಟ್ಟನೆ ಅಳು ನಿಲ್ಲಿಸಿತು. ಟಕ್, ಟಕ್, ಟಕ್. ಕಣ್ಣೆವೆ ಭಾರವಾದವು, ತಲೆ ಅಪ್ಪನ ಹೆಗಲಿಗೆ ಒರಗಿತು.

ತಪ್ಪಣ್ಣ ತುದಿಗಾಲಲ್ಲಿ ಹೋಗಿ ಬಾಗಿಲು ತೆರೆದ. ಸುತ್ತಿಗೆ ಹಿಡಿದು ಮೇಷ್ಟ್ರು ನಿಂತಿದ್ದರು. ಬಾಗಿಲ ಮೇಲೆ ಅವನದೇ ಅಕ್ಷರ. ಸದ್ದು ಮಾಡುವ ಮನೆಯವರಿಗೆ.

"ಮೇಷ್ಟ್ರೇ, ಇದು ನಾನು ಬರೆದದ್ದು!" ಎಂದು ಪಿಸುಗುಟ್ಟಿದ.

"ಗೊತ್ತು. ಮೂರು ಸಲ ಓದಿದೆ, ಒಂದೇ ಒಂದು ತಪ್ಪಿಲ್ಲ" ಎಂದರು ಮೇಷ್ಟ್ರು ಮನಸಾರೆ. "ಕಟ್ಟಡ ಪೂರ್ತಿ ಸುತ್ತಿದೆ. ಸದ್ದಿದ್ದದ್ದು ಇದೊಂದೇ ಮನೇಲಿ."

ಸಹಿಗಳು ಬೆಳಿಗ್ಗೆ ನಾಲ್ಕಿದ್ದವು, ಈಗ ಐದಾಗಿದ್ದವು. ಮೊದಲನೆಯದು ಅವನದು. ಕೊನೆಯದು ಹೊಲಿಗೆಯಷ್ಟೇ ನೇರ, ಟೈಲರಕ್ಕನದು.

"ನಮ್ಮನೇಲಿ ಈಗ ಸದ್ದಿಲ್ಲವಲ್ಲ, ನಾನೂ ಒಂದು ಹಾಕ್ತೀನಿ ಅಂದ್ರು" ಎಂದರು ಮೇಷ್ಟ್ರು.

ತಪ್ಪಣ್ಣನ ಗಮನವೆಲ್ಲ ಹೆಗಲ ಮೇಲಿನ ಉಸಿರಿನ ಕಡೆಗಿತ್ತು. ಅರ್ಧ ನಿದ್ದೆ, ಇನ್ನರ್ಧ ಬಾಕಿ. ಮೇಜಿನ ಮೇಲೆ ಇನ್ನೂ ಮೂವತ್ತೈದೂವರೆ ಪುಟ.

"ಸಾರ್, ಒಂದು ಉಪಕಾರ. ಇನ್ನೊಂದು ಹತ್ತು ಮೊಳೆ ಹೊಡೀರಿ. ನಿಧಾನಕ್ಕೆ, ಒಂದೇ ಸಮ."

ಮೇಷ್ಟ್ರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಸುತ್ತಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

"ಇಷ್ಟು ಹೊಡೆದದ್ದೇ ಹೆಚ್ಚಾಯ್ತು. ಸದ್ದಾಗುತ್ತೆ ಕಣ್ರೀ. ಅಕ್ಕಪಕ್ಕದವರು ಏನಂದ್ಕೋತಾರೆ?"

ಅವರು ಸದ್ದಾಗದಂತೆ ಮೆಟ್ಟಿಲಿಳಿದು ಹೋದರು. ಕಟ್ಟಡವೆಲ್ಲ ನಿಶ್ಶಬ್ದವಾಯಿತು. ಹೆಗಲ ಮೇಲೆ ಮಗು ತಲೆ ಎತ್ತಿತು.