ಫೋಟೊಗೆಂದು ಕಟ್ಟಿದ ಪಟ್ಟಿ

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಮನುಷ್ಯರಿಗೆ ಬುದ್ಧಿ ಬಂದಿರುತ್ತದೆ ಎನ್ನುತ್ತಾರೆ, ನನಗೆ ಬಂದದ್ದು ಬಾಯಿ ಮಾತ್ರ. ಅದಕ್ಕೂ ಒಂದು ವರ್ಷ ಮೊದಲು ಹರಿಹರದ ಆಸ್ಪತ್ರೆಯೊಂದರಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡಿದ್ದೆ. ಮರುದಿನ ಪಟ್ಟಿ ಬಿಚ್ಚಿ, ಉಪ್ಪಿಟ್ಟು ತಿಂದು ಕೈ ತೊಳೆಯುವಾಗ ಪೇಪರಿನ ಫೋಟೊದವನು ಬಂದ. ತಡವಾಗಿ ಬಂದವನಿಗೆ ಪಟ್ಟಿಯೇ ಬೇಕಂತೆ. ನರ್ಸಮ್ಮ ಮತ್ತೆ ಕಟ್ಟಲು ಬಂದರೆ, "ಆ ಕಡೆ ಬೆಳಕಿಲ್ಲ ಸಿಸ್ಟರ್, ಈ ಕಡೆ ಕಟ್ರಿ" ಎಂದ. ಎಡಗಣ್ಣಿಗೆ ಕಟ್ಟಿದರು. ಮುಗಿದುಹೋದ ಕೆಲಸಕ್ಕೆ ಡಾಕ್ಟರು ಗಂಭೀರವಾಗಿ ನಿಂತರು. ನಾನೂ ಸ್ವಲ್ಪ ನರಳಿದೆ. ಯಾರೂ ಹೇಳಿರಲಿಲ್ಲ, ತಾನಾಗಿಯೇ ಬಂತು. ಆ ಫೋಟೊ ಅಚ್ಚಾದ ಪೇಪರು ಹಿಡಿದು ವರ್ಷವೆಲ್ಲ ಓಣಿಯನ್ನು ನಗಿಸಿದೆ.

ಒಂದು ಭಾನುವಾರ ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ತಂಗಿಯ ಮಗ ಮಂಜ ಬಂದಿದ್ದ. ಪಕ್ಕದ ಮನೆಯ ಅಮೀನಾಬಿಯೂ ಕೂತಿದ್ದಳು. ರವಿಕೆ ಹೊಲಿದು ಬದುಕಿದವಳು, ಎರಡೂ ಕಣ್ಣಿಗೆ ಪೊರೆ ಬಂದು ಮಿಷನ್ನಿಗೆ ಬಟ್ಟೆ ಹೊದಿಸಿಟ್ಟಿದ್ದಳು. ಮರುದಿನವೇ ಹರಿಹರದಲ್ಲಿ ಅವಳ ಆಪರೇಷನ್ನು. ಮಂಜ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಎಲ್ಲೋ ಯುದ್ಧ ನಡೆಯುವ ಊರು. ಗೋಡೆ ಬಿದ್ದ ಕೋಣೆಯಲ್ಲಿ, ಟಾರ್ಚಿನ ಬೆಳಕಿಗೆ, ಡಾಕ್ಟರೊಬ್ಬ ಕೂಸಿನ ಕಾಲಿಗೆ ಪಟ್ಟಿ ಸುತ್ತುತ್ತಿದ್ದ.

"ಎಲ್ಲಾ ನಾಟಕ ದೊಡ್ಡವ್ವ. ನೋಡು, ಡಾಕ್ಟ್ರು ಕ್ಯಾಮೆರಾನೇ ನೋಡ್ತಾನೆ."

ಅಮೀನಾಬಿಗೆ ಫೋಟೊ ಕಾಣಲಿಲ್ಲ, ಮಾತು ಕೇಳಿಸಿತು. "ಹಂಗಾರೆ ನಾಳೆ ನಾ ಹೋಗಲ್ಲ ಬಿಡು ರುದ್ರಕ್ಕ. ನಿಂದೂ ನಾಟಕ ಅಂತ ನೀನೇ ಹೇಳ್ತಿದ್ದೆಲ್ಲ. ಯಾವ ಕಣ್ಣು ಅಂತ್ಲೇ ಗೊತ್ತಿಲ್ದೋರ ಕೈಗೆ ನನ್ನ ಕಣ್ಣು ಕೊಡ್ಲಾ?"

ನಾನು ನಗಿಸಿದ ತಪ್ಪಿಗೆ ಇವಳು ಕುರುಡಿಯಾಗಬೇಕೆ? ಮೊಬೈಲು ಕಸಿದುಕೊಂಡು ನೋಡಿದೆ. ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು ನಾನು; ಕಾದ ಮರಳು ತುಳಿದ ಮಕ್ಕಳನ್ನು ತೊಡೆಯ ಮೇಲೆ ಹಿಡಿದು ಕೂತಿದ್ದೇನೆ. ಈ ಕೂಸಿನ ಕಾಲ್ಬೆರಳುಗಳೂ ಅವರ ಬೆರಳುಗಳ ಹಾಗೇ ನೋವಿಗೆ ಮುದುಡಿದ್ದವು.

"ಡಾಕ್ಟ್ರು ಎತ್ಲಾಗಾರ ನೋಡ್ಲೋ. ಕೂಸಿನ ಬೆಳ್ಳು ಯಾರ ಮಾತು ಕೇಳಿ ಮುದುಡ್ತಾವು?"

"ಅದನ್ನೂ ಮಾಡಿಸ್ತಾರೆ."

"ಮಾಡಿಸ್ಯಾರು. ನೀನೂ ಹೋಗಿ ನೋಡಿಲ್ಲ, ನಾನೂ ನೋಡಿಲ್ಲ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು, ಸುಳ್ಳು ಅನಬ್ಯಾಡ. ನಂದಂತೂ ನನಗೆ ಗೊತ್ತೈತೆ. ಪಟ್ಟಿ ಸುಳ್ಳು, ಕಣ್ಣು ಬಂದಿದ್ದು ನಿಜ. ನಿಜ ಯಾವ್ದು ಅಂತ ಪಟ್ಟಿ ಕಟ್ಟಿಸ್ಕೊಂಡೋರ್ನ ಕೇಳ್ಬೇಕು!"

ಅಮೀನಾಬಿಯ ಸೂಜಿ ತರಿಸಿ, ಎಡಗಣ್ಣು ಮುಚ್ಚಿಕೊಂಡು, ಬಲಗಣ್ಣೊಂದರಲ್ಲೇ ದಾರ ಪೋಣಿಸಿ ಅವಳ ಕೈಗಿಟ್ಟೆ. ಮಂಜ ತನ್ನ ಮೊಬೈಲು ವಾಪಸು ತೆಗೆದುಕೊಂಡು ಜೇಬಿಗಿಟ್ಟ. ಅವಳು ದಾರವನ್ನು ಎಳೆದೆಳೆದು ನೋಡಿದಳು. ನಂಬಿಕೆ ಬಂದಿತೆಂದು ನಾನು ಬೀಗುವಷ್ಟರಲ್ಲಿ ಕೇಳಿದಳು, "ಅಷ್ಟು ಚಲೋ ಆಗೈತೆ ಅಂದ್ರೆ ಇನ್ನೊಂದು ಕಣ್ಣು ಯಾಕ ಹಂಗೇ ಬಿಟ್ಟೀ?"

ಹೆದರಿಕೆ, ಇನ್ನೇನು? ಎಡಗಣ್ಣಿನ ಪೊರೆ ತೆಗೆಸಲು ಎರಡು ಸಲ ದಿನ ಗೊತ್ತುಮಾಡಿಸಿ, ಎರಡು ಸಲವೂ ಹೊಟ್ಟೆನೋವೆಂದು ಕವುಚಿ ಮಲಗಿದ್ದೆ. "ನೀನು ಬಂದ್ರೆ ನಾನೂ ಬರ್ತೀನಿ," ಎಂದಳು ಅಮೀನಾಬಿ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹರಿಹರಕ್ಕೆ ಹೋದೆವು. ಆಸ್ಪತ್ರೆಯಲ್ಲಿ ಹೆಸರು ಬರೆಸುವ ಕಿಟಕಿಯ ಮುಂದೆ ಅಮೀನಾಬಿ ನನ್ನ ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು. ಹೆದರಿಕೆಗಲ್ಲ, ನಾನು ಓಡದಿರಲಿ ಎಂದು ಅಷ್ಟೆ. ಅವಳ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆಸಿದೆ.