ತಿಜೋರಿಗೆ ಸಣ್ಣ ನಾಝಲ್

ಡಗ್, ಡಗ್, ಡಗ್ ಎಂದು ಕಂಪ್ರೆಸರ್ ಬಡಿದುಕೊಳ್ಳತೊಡಗಿದಾಗ ಬ್ಯಾಡಗಿಯ ಆ ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಕೊಟ್ರಪ್ಪನ ಎದೆಯೂ ಅದೇ ತಾಳಕ್ಕೆ ಬಡಿಯುತ್ತಿತ್ತು. (ಅದು ಓಣಿಗೆ ಕೇಳುತ್ತಿರಲಿಲ್ಲ, ಪುಣ್ಯ.)

ಅಂಗಳದ ನಡುವೆ ಆಳೆತ್ತರದ ಕಬ್ಬಿಣದ ತಿಜೋರಿ ನಿಂತಿತ್ತು. ಹೆಂಡತಿ ಸುಶೀಲವ್ವ ಇಪ್ಪತ್ತಾರು ವರ್ಷದ ಹಿಂದೆ ರಾಣೇಬೆನ್ನೂರಿನ ತವರಿನಿಂದ ತಂದದ್ದು. ಈಗ ಅದು ಮಗಳು ಭುವನಾಳ ಜೊತೆ ಹಾವೇರಿಗೆ ಹೋಗಬೇಕು. ನಾಳೆ ಬೆಳಿಗ್ಗೆಯೇ ಬೀಗರ ಟೆಂಪೋ ಬರುತ್ತದೆ. ಇಂದು ಹನ್ನೆರಡಕ್ಕೆ ಹೋಗುವ ಕರೆಂಟು ಮತ್ತೆ ಬರುವುದು ಸಂಜೆಗೆ. ಹನ್ನೆರಡರೊಳಗೆ ಬಣ್ಣದಡಿಯ ಪ್ರೈಮರ್ ಹೊಡೆಯದಿದ್ದರೆ ಅದು ಒಣಗದು, ಸಂಜೆ ಬಣ್ಣವಿಲ್ಲ. ಬೀಗರ ಮನೆಗೆ ತುಕ್ಕನ್ನೇ ಹೊರಿಸಿ ಕಳಿಸಬೇಕು.

ಪೇಂಟರನನ್ನು ಕರೆಸೋಣವೆಂದು ಸುಶೀಲವ್ವ ವಾರದಿಂದ ಹೇಳುತ್ತಿದ್ದಳು. ಕೊಟ್ರಪ್ಪ ಒಪ್ಪಲಿಲ್ಲ. ಇಪ್ಪತ್ತು ವರ್ಷದಿಂದ ರೈತರಿಗೆ ಬೆಳೆಗೆ ಕೀಟದ ಎಣ್ಣೆ ಹೊಡೆಯುವ ಪಂಪು ಮಾರಿದವನಿಗೆ, ಹೊಡೆಯುವುದನ್ನು ಇನ್ನೊಬ್ಬ ಬಂದು ಕಲಿಸುವುದೇ? ಕಂಪ್ರೆಸರ್ ಬಾಡಿಗೆಗೆ ಕೊಟ್ಟ ಫಕ್ಕೀರೇಶ ಬಣ್ಣ ಹೊಡೆಯುವ ಗನ್ನಿನ ಜೊತೆ ಎರಡು ನಾಝಲ್ ಕೊಟ್ಟಿದ್ದ, ಒಂದು ಸಣ್ಣ ತೂತಿನದು, ಒಂದು ದೊಡ್ಡ ತೂತಿನದು. ಯಾವುದು ಯಾವುದಕ್ಕೆಂದು ಹೇಳಹೊರಟವನನ್ನು ಕೊಟ್ರಪ್ಪ ಕೈಯೆತ್ತಿ ತಡೆದಿದ್ದ. ತೂತು ಸಣ್ಣದಾದಷ್ಟೂ ಹನಿ ಸಣ್ಣದು, ಗಾಳಿ ಜೋರಾದಷ್ಟೂ ಎಲೆಗೆ ಹಿತ. ಈ ದಿವ್ಯ ಸಿದ್ಧಾಂತವನ್ನು ಅವನು ಗುತ್ತಲದಿಂದ ಗಳಗನಾಥದವರೆಗೆ ಬೋಧಿಸಿದ್ದ. ತಿಜೋರಿ ಮೆಣಸಿನ ಗಿಡವಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ.

ಸುಶೀಲವ್ವ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಅವಳ ಅಪ್ಪ ಟ್ರೇಲರ್‌ಗಳಿಗೆ ಬಣ್ಣ ಹೊಡೆಯುತ್ತಿದ್ದ ಮನುಷ್ಯ.

"ಪ್ರೈಮರ್ ದಪ್ಪ ಇರತೈತ್ರಿ. ದೊಡ್ಡ ನಾಝಲ್ ಹಾಕ್ರಿ, ಗಾಳಿ ಕಮ್ಮಿ ಮಾಡ್ರಿ."

"ನೀ ನಿನ್ನ ಮೆಣಸಿನಕಾಯಿ ನೋಡು."

ಕೊಟ್ರಪ್ಪ ಸಣ್ಣದನ್ನೇ ಹಾಕಿ ಗನ್ನಿನ ಕುದುರೆ ಒತ್ತಿದ. ಗನ್ನು ಒಣ ಕೆಮ್ಮು ಕೆಮ್ಮಿತು. ಗಾಳಿ ಏರಿಸಿದ. ಜೋಳದ ಕಾಳಿನಂಥ ಗಂಟುಗಳು ತಿಜೋರಿಯ ಬಾಗಿಲಿಗೆ ಹೋಗಿ ಕಚ್ಚಿದವು. ಉಳಿದದ್ದು ದಾರಿಯಲ್ಲೇ ಒಣಗಿ ಬೂದಿಯಾಗಿ ಹಾರಿತು. ಮತ್ತೂ ಏರಿಸಿದ. ಗನ್ನು ಪೂರ್ತಿ ಕಟ್ಟಿಕೊಂಡಿತು. ಪಂಪಿನ ನಾಝಲ್ ಕಟ್ಟಿಕೊಂಡರೆ ಮಾಡುವಂತೆ ಮುಖದ ಹತ್ತಿರ ಹಿಡಿದು ಊದಲು ಹೋದ. ಬೆರಳು ಕುದುರೆಯ ಮೇಲೆಯೇ ಇತ್ತು.

ಬೂದು ಮೋಡ ಇಳಿದಾಗ ಕೊಟ್ರಪ್ಪನ ಕಣ್ಣೆರಡೇ ಕಪ್ಪಗೆ ಉಳಿದಿದ್ದವು. ಗಂಟೆ ಹನ್ನೊಂದೂಕಾಲು. ಅವನಿಗೆ ಈಗ ನಿಜವಾಗಿ ಭಯವಾಯಿತು. ಗಂಟು ಗಂಟಾದ ಆ ಬಾಗಿಲನ್ನು ಬೀಗರ ಮನೆಯಲ್ಲಿ ದಿನವೂ ತೆಗೆಯಬೇಕಾದವಳು ಭುವನಾ.

ಸುಶೀಲವ್ವ ತೊಟ್ಟು ಮುರಿಯುವುದನ್ನು ಬಿಟ್ಟು ಎದ್ದಳು. ಕೈ ತೊಳೆದು, ಸೆರಗಿನಿಂದ ಮೂಗು ಕಟ್ಟಿಕೊಂಡು ಬಂದಳು. ಗಂಟುಗಳನ್ನು ಥಿನ್ನರ್‌ನಿಂದ ಒರೆಸಿ ತೆಗೆದಳು. ಪ್ರೈಮರನ್ನು ಹಳೆ ಧೋತರದ ತುಂಡಿನಲ್ಲಿ ಸೋಸಿ, ದೊಡ್ಡ ನಾಝಲ್ ತಿರುಗಿಸಿ ಕೂಡಿಸಿ, ಗಾಳಿ ಇಳಿಸಿದಳು. ಗೇಣು ದೂರದಲ್ಲಿ ಗನ್ನು ಹಿಡಿದು ಈ ಅಂಚಿನಿಂದ ಆ ಅಂಚಿಗೆ ಕೈ ಓಡಿಸಿದಳು, ತೊಟ್ಟಿಲು ತೂಗಿದಷ್ಟು ಮೆಲ್ಲಗೆ. ಪ್ರೈಮರ್ ಹಾಲಿನ ಕೆನೆಯಂತೆ ಹಾಸಿಕೊಂಡಿತು.

"ಪೈಪ್ ಎತ್ತಿ ಹಿಡೀರಿ" ಎಂದಳು. ಕೊಟ್ರಪ್ಪ ಎತ್ತಿ ಹಿಡಿದ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಕೆಲಸ ಮುಗಿಯಿತು. ಕಂಪ್ರೆಸರ್ ನೋಡಿಕೊಂಡು ಹೋಗಲು ಬಂದ ಫಕ್ಕೀರೇಶ ತಿಜೋರಿಯ ಮುಂದೆ ಬಗ್ಗಿ, ಬೆಳಕಿಗೆ ಓರೆಯಾಗಿ ನೋಡಿದ.

"ಯಾರ ಕೈರಿ ಇದು?"

ಕೊಟ್ರಪ್ಪ ನೆಲ ನೋಡಿದ. ಸುಶೀಲವ್ವ ಗಂಡನ ಬೂದು ಮುಖವನ್ನೊಮ್ಮೆ ನೋಡಿದಳು. ಅವಳಿಗೆ ಏನೆನಿಸಿತೋ, "ಅವ್ರ ಹೊಡದಾರ" ಎಂದು ಕಟ್ಟೆಗೆ ಹೋಗಿ ಕುಳಿತಳು.

"ಮುಖಾನ ಹೇಳತೈತಿ ಬಿಡ್ರಿ" ಎಂದ ಫಕ್ಕೀರೇಶ. ಅವನ ಬೆನ್ನಿಗೇ ಒಳಗೆ ಬಂದ ಓಣಿಯವರೆಲ್ಲ ತಲೆದೂಗಿದರು. ಕೊಟ್ರಪ್ಪನ ಎದೆ ಒಂದು ಬೆರಳು ಉಬ್ಬಿತು.

"ಅಣ್ಣಾರ, ಹೊರಗ ನನ್ನ ಟ್ರ್ಯಾಕ್ಸ್ ಗಾಡಿ ನಿಂತೈತಿ. ಕರೆಂಟ್ ಹೋಗೂದ್ರಾಗ ಅದರ ಒಂದು ಬಾಗಲಕ್ಕ ಹೊಡದು ತೋರಸ್ರಿ. ನಮ್ಮ ಹುಡುಗ್ರೂ ಕಲೀಲಿ, ನೀವು ಗಾಳಿ ಎಷ್ಟು ಇಟ್ಟಿದ್ರಿ, ನಾಝಲ್ ಯಾವ್ದು..." ಎಂದು ಫಕ್ಕೀರೇಶ ಗನ್ನು ಚಾಚಿದ.

ಕೊಟ್ರಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು, ಯಾರೋ ಕರೆದಂತೆ ತಿರುಗಿ, ಅಡುಗೆಮನೆ ದಾಟಿ, ಹಿತ್ತಿಲ ಬಾಗಿಲು ತೆರೆದು ನಡೆದುಬಿಟ್ಟ.